ಡಿಸ್ಕ್ ಓಡುತ್ತಿಲ್ಲವೇ? ಯಾವ ಬೀಗ ಬಿದ್ದಿದೆ ಅಂತ ಮೊದಲು ನೋಡಿ

ಮಳೆಗಾಲ ಮುಗಿದು ಜನ ಬೀರು ತೆಗೆಯಲು ಶುರು ಮಾಡಿದರೆ ಸಾಕು, ನನಗೆ ಅದೇ ಪ್ರಶ್ನೆಗಳು ಬರತೊಡಗುತ್ತವೆ. ಸೋಮವಾರಪೇಟೆಯ ಒಬ್ಬರಿಗೆ ಮಗಳು ಅಮೆರಿಕದಿಂದ ತಂದ ಸಿನಿಮಾ ಡಿವಿಡಿ ಹಾಕಿದರೆ 'ರಾಂಗ್ ರೀಜನ್' ಅಂತ ಬರುತ್ತದೆ. ವಿರಾಜಪೇಟೆಯ ಇನ್ನೊಬ್ಬರ ಮದುವೆ ಡಿವಿಡಿ ಇಲ್ಲಿ ಚೆನ್ನಾಗಿ ಓಡುತ್ತದೆ, ಕೆನಡಾದ ತಮ್ಮನ ಮನೆಯಲ್ಲಿ ಓಡುವುದಿಲ್ಲ. ನಾಪೋಕ್ಲಿನವರು ಡಿಸ್ಕಿನಿಂದ ಲ್ಯಾಪ್‌ಟಾಪಿಗೆ ಕಾಪಿ ಹೊಡೆದರು, ಹಾಕಿ ನೋಡಿದರೆ ತೆರೆ ತುಂಬ ಹಸಿರು ಚೌಕ.

ಎಲ್ಲರೂ ಕೊನೆಗೆ ಕೇಳುವುದು ಒಂದೇ: "ಡಿಸ್ಕ್ ಲಾಕ್ ಆಗಿದೆಯಾ?"

ಕೆಲವು ಸಲ ಹೌದು. ಆದರೆ ಕೊಡಗಿನಲ್ಲಿ ನಾನು ನೋಡಿದ ಮಟ್ಟಿಗೆ, ಲಾಕ್ ಅಂದುಕೊಂಡಿದ್ದು ಅರ್ಧಕ್ಕರ್ಧ ಸಲ ಬರೀ ತೇವ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಮೂರು ಹಂತ ಬಿಟ್ಟು ನೇರವಾಗಿ ರೀಜನ್ ಬದಲಾಯಿಸಲು ಹೋಗಬೇಡಿ. ಅದರಲ್ಲಿ ಒಂದು ಅಪಾಯ ಇದೆ, ಮುಂದೆ ಹೇಳುತ್ತೇನೆ.

ಏನೇನು ಬೇಕು

ಓಡದ ಡಿಸ್ಕ್. ಖಂಡಿತ ಓಡುತ್ತದೆ ಅಂತ ಗೊತ್ತಿರುವ ಇನ್ನೊಂದು ಡಿಸ್ಕ್. ಒಂದು ಟಾರ್ಚ್. ಹಳೇ ಮೆತ್ತನೆ ಕಾಟನ್ ಬಟ್ಟೆ. ಪ್ಲೇಯರಿನ ಜೊತೆ ಬಂದಿದ್ದ ಅಸಲಿ ರಿಮೋಟ್, ಯಾಕೆಂದರೆ ಬದಲಿ ರಿಮೋಟಿನಲ್ಲಿ ಬೇಕಾದ ಬಟನ್ ಇರುವುದಿಲ್ಲ. ಆಮೇಲೆ ಲ್ಯಾಪ್‌ಟಾಪ್ ಮತ್ತು ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್. ಈ ಡ್ರೈವನ್ನು ಟಿವಿಯ ಯುಎಸ್‌ಬಿಗೆ ಸಿಕ್ಕಿಸಿ "ಬರ್ತಾ ಇಲ್ಲ" ಅನ್ನುವವರು ಬಹಳ. ಟಿವಿಯ ಆ ತೂತು ಪೆನ್‌ಡ್ರೈವಿಗೆ. ಸಾಮಾನ್ಯವಾಗಿ ಯಾವ ಟಿವಿಯೂ ಡಿವಿಡಿ ಡ್ರೈವನ್ನು ಗುರುತಿಸುವುದಿಲ್ಲ.

ಹಂತ 1: ಇದು ಎಂಥ ಡಿಸ್ಕ್ ಅಂತ ಗುರುತಿಸಿ

ಡಿಸ್ಕ್ ತಿರುಗಿಸಿ ತಳ ನೋಡಿ. ಬೆಳ್ಳಿಯ ಹಾಗೆ ಇದ್ದರೆ ಅದು ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು, ಅಂದರೆ ಅಂಗಡಿಯಲ್ಲಿ ಕೊಂಡ ಸಿನಿಮಾ. ತಳ ನೇರಳೆ ಅಥವಾ ತಿಳಿ ಹಸಿರು ಛಾಯೆಯಲ್ಲಿದ್ದರೆ ಅದು ಸ್ಟುಡಿಯೋದವರೋ ನೀವೋ ಬರೆದದ್ದು. ಬೀಗದ ಪ್ರಶ್ನೆಯೆಲ್ಲ ಬರುವುದು ಮೊದಲನೇ ಜಾತಿಗೆ. ನಿಮ್ಮ ಮದುವೆ, ನಾಮಕರಣ, ಹಾಕಿ ಹಬ್ಬದಲ್ಲಿ ನಿಮ್ಮ ಮನೆತನ ಆಡಿದ ಪಂದ್ಯ, ಇವುಗಳ ಡಿಸ್ಕಿಗೆ ಕಂಪನಿ ಬೀಗ ಇರುವುದಿಲ್ಲ. ಅವು ಓಡದಿದ್ದರೆ ಕಾರಣ ಬೇರೆ.

ಆಮೇಲೆ ಕವರಿನ ಹಿಂಭಾಗ ನೋಡಿ. ಒಂದು ಪುಟ್ಟ ಭೂಗೋಳದ ಚಿತ್ರ, ಅದರೊಳಗೆ ಒಂದು ಅಂಕಿ ಇರುತ್ತದೆ. ಅದೇ ರೀಜನ್ ಕೋಡ್, ಅಂದರೆ ಯಾವ ದೇಶಗಳಿಗೆ ಮಾಡಿದ ಡಿಸ್ಕ್ ಅನ್ನುವ ಗುರುತು. ಪಕ್ಕದಲ್ಲೇ ಪಾಲ್ ಅಥವಾ ಎನ್‌ಟಿಎಸ್‌ಸಿ ಅಂತ ಬರೆದಿರುತ್ತದೆ, ಇವು ಟಿವಿ ಚಿತ್ರದ ಎರಡು ಪದ್ಧತಿ. ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇವೆರಡೂ ಬೇರೆ ಬೇರೆ ಸಂಗತಿ. ಜನ ಸೇರಿಸಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ.

ವಿಸಿಡಿ, ಅಂದರೆ ಡಿವಿಡಿಗೂ ಮೊದಲಿನ ವಿಡಿಯೋ ಸಿಡಿ, ಆಗಿದ್ದರೆ ನೆಮ್ಮದಿ. ವಿಸಿಡಿಗೆ ರೀಜನ್ ಇಲ್ಲ, ಬೀಗವೂ ಇಲ್ಲ. ಓಡದಿದ್ದರೆ ಡಿಸ್ಕೋ ಪ್ಲೇಯರೋ ಕೆಟ್ಟಿದೆ, ಅಷ್ಟೇ.

ಹಂತ 2: ತೇವ, ಬೂಷ್ಟು, ಬೆರಳಚ್ಚು

ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುವ ನಮ್ಮೂರಲ್ಲಿ ಡಿಸ್ಕ್ ಮಾತ್ರ ಹೇಗೆ ಉಳಿದೀತು? ಟಾರ್ಚನ್ನು ಓರೆಯಾಗಿ ಹಿಡಿದು ತಳ ನೋಡಿ. ಬಿಳಿ ಚುಕ್ಕಿ, ಜೇಡರ ಬಲೆಯಂಥ ಗೆರೆ ಕಂಡರೆ ಬೂಷ್ಟು. ಆಮೇಲೆ ಡಿಸ್ಕನ್ನು ಬಲ್ಬಿಗೆ ಅಡ್ಡ ಹಿಡಿಯಿರಿ. ಸೂಜಿ ತೂತಿನ ಹಾಗೆ ಬೆಳಕು ಬಂದರೆ ಒಳಗಿನ ಲೋಹದ ಪದರವೇ ಹೋಗಿದೆ, ಆ ಭಾಗ ವಾಪಸ್ ಬರುವುದಿಲ್ಲ. ಇದು ನಮ್ಮೂರಿನ ಕಾಯಿಲೆ ಮಾತ್ರ ಅಲ್ಲ. ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ತಂದ ಒಂದು ಸಿಡಿಯ ಲೋಹದ ಪದರವನ್ನು ಬೂಷ್ಟು ತಿಂದುಹಾಕಿದ್ದನ್ನು 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ಗುರುತಿಸಿದ್ದರು.

ತೊಳೆಯುವುದು ಹೀಗೆ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಹಾಕಿ. ಬೆರಳಿನಿಂದ ಮೆತ್ತಗೆ ಉಜ್ಜಿ, ಒಳ್ಳೇ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ. ಒರೆಸುವಾಗ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು. ದೋಸೆ ಹುಯ್ದ ಹಾಗೆ ಸುತ್ತ ತಿರುಗಿಸಬೇಡಿ. ಮಾಹಿತಿ ಬರೆದಿರುವುದು ಸುರುಳಿಯಾಗಿ. ಅಡ್ಡ ಗೀರು ಬಿದ್ದರೆ ಪ್ಲೇಯರ್ ಹೇಗೋ ಸುಧಾರಿಸಿಕೊಳ್ಳುತ್ತದೆ, ಸುರುಳಿಯ ಉದ್ದಕ್ಕೇ ಗೀರು ಬಿದ್ದರೆ ಕಷ್ಟ.

ಥಿನ್ನರ್, ನೈಲ್ ಪಾಲಿಶ್ ರಿಮೂವರ್, ಸೀಮೆಎಣ್ಣೆ ಬೇಡ. ಪ್ಲಾಸ್ಟಿಕ್ ಮಂಜಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದೆ ಅಂತ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ಬರೆದ ಡಿಸ್ಕಿನ ಮೇಲೆ ಆ ಪ್ರಯೋಗ ಮಾಡಬೇಡಿ. ಕಾಫಿ ಒಣಗಿಸಿದ ಹಾಗೆ ಕಣದಲ್ಲಿ ಬಿಸಿಲಿಗೂ ಇಡಬೇಡಿ. ಬರೆಯುವ ಡಿಸ್ಕಿನಲ್ಲಿ ಮಾಹಿತಿ ಕೂರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲಿಗೆ ಆ ಬಣ್ಣ ಮಾಸಿದರೆ ಚಿತ್ರವೂ ಹೋಯಿತು.

ಒಂದು ಸಂಗತಿ ಗಮನಿಸಿ. ಮದುವೆ ಡಿಸ್ಕಿನಂಥದ್ದನ್ನು ಪ್ಲೇಯರ್ ಸಾಮಾನ್ಯವಾಗಿ ಓದುವುದು ಒಳಗಿನಿಂದ ಹೊರಗೆ. ವಿಡಿಯೋದ ಶುರು ನಡುವಿನ ತೂತಿನ ಹತ್ತಿರ ಇರುತ್ತದೆ, ಕೊನೆ ಅಂಚಿನ ಕಡೆ. ನಾವು ಕೈಯಲ್ಲಿ ಹಿಡಿಯುವುದು, ತೇವ ಮೊದಲು ನುಗ್ಗುವುದು ಎರಡೂ ಅಂಚಿನಲ್ಲಿ. "ಮುಹೂರ್ತ ಚೆನ್ನಾಗಿ ಬರುತ್ತೆ, ಗಂಗಾಪೂಜೆಗೆ ನೀರು ಹೊತ್ತು ಬರುವ ಹೊತ್ತಿಗೆ ನಿಂತುಹೋಗುತ್ತೆ" ಅಂತ ಎಷ್ಟೋ ಜನ ಹೇಳುತ್ತಾರಲ್ಲ, ಕಾರಣ ಇದೇ. ಅದು ಲಾಕ್ ಅಲ್ಲ. ಅಂಚು ಒರೆಸಿ ನೋಡಿ.

ಪ್ಲೇಯರಿನ ಲೆನ್ಸ್ ಮೇಲೂ ಆವಿ ಕೂರುತ್ತದೆ. ಚಳಿಯಲ್ಲಿ ಬಿದ್ದಿದ್ದ ಪ್ಲೇಯರನ್ನು ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಡಿಸ್ಕ್ ಹಾಕಿದರೆ 'ನೋ ಡಿಸ್ಕ್' ಅನ್ನಬಹುದು. ಡಿಸ್ಕ್ ಹಾಕದೆ ಆನ್ ಮಾಡಿ ಒಂದೆರಡು ಗಂಟೆ ಬಿಡಿ.

ಹಂತ 3: ಅದಲುಬದಲು ಮಾಡಿ ನೋಡಿ, ಬರುವ ಸಂದೇಶ ಬರೆದುಕೊಳ್ಳಿ

ಓಡುವ ಡಿಸ್ಕನ್ನು ಅದೇ ಪ್ಲೇಯರಿಗೆ ಹಾಕಿ. ಅದೂ ಓಡದಿದ್ದರೆ ಪ್ಲೇಯರೇ ಕೆಟ್ಟಿದೆ. ಓಡಿದರೆ, ಓಡದ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಾಕಿ. ಅಲ್ಲೂ ಏನೂ ಕಾಣದಿದ್ದರೆ ಡಿಸ್ಕಿನದ್ದೇ ತಪ್ಪು. ಡ್ರೈವ್ ಟಿಕ್ ಟಿಕ್ ಅಂತ ಸದ್ದು ಮಾಡಿ ಸುಮ್ನಾದರೆ ಯುಎಸ್‌ಬಿಯಿಂದ ಕರೆಂಟ್ ಸಾಲುತ್ತಿಲ್ಲ ಅಂತ ಇರಬಹುದು, ಬೇರೆ ತೂತಿಗೆ ಸಿಕ್ಕಿಸಿ ನೋಡಿ.

ತೆರೆಯ ಮೇಲೆ ಏನು ಬರುತ್ತದೆ ಅನ್ನುವುದೇ ಮುಖ್ಯ ಸುಳಿವು:

- 'ರಾಂಗ್ ರೀಜನ್' ಅಥವಾ 'ಚೆಕ್ ರೀಜನಲ್ ಕೋಡ್' ಬಂದರೆ ಹಂತ 4.
- ಧ್ವನಿ ಬಂದು ಚಿತ್ರ ಕಪ್ಪುಬಿಳುಪಾದರೆ, ಉರುಳಿದರೆ, ಕುಣಿದರೆ ಹಂತ 5.
- ಬ್ಲೂ-ರೇ (ಡಿವಿಡಿಗಿಂತ ಸ್ಪಷ್ಟ ಚಿತ್ರದ ಡಿಸ್ಕ್) ಹಾಕಿದಾಗ ತೆರೆ ಪೂರ್ತಿ ಕಪ್ಪಾದರೆ ಹಂತ 6.
- ರಿಮೋಟ್ ಒತ್ತಿದಾಗ ಕೈ ಅಥವಾ ಅಡ್ಡಗೆರೆಯ ಚಿಹ್ನೆ ಬಂದರೆ, ಇಲ್ಲವೇ ಪಾಸ್‌ವರ್ಡ್ ಕೇಳಿದರೆ ಹಂತ 7.
- ಬೇರೆಯವರು ಬರೆದ ಡಿಸ್ಕ್ 'ಬ್ಲಾಂಕ್' ಅಂತ ತೋರಿಸಿದರೆ ಹಂತ 8.

ಹಂತ 4: ರೀಜನ್ ಕೋಡ್

ಡಿವಿಡಿ ಬಂದ ಹೊಸತರಲ್ಲಿ ಒಂದು ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾಗಿ ತಿಂಗಳುಗಟ್ಟಲೆ ಆದ ಮೇಲೆ ಬೇರೆ ದೇಶಗಳ ಥಿಯೇಟರಿಗೆ ಬರುತ್ತಿತ್ತು. ಅಲ್ಲಿನ ಡಿವಿಡಿ ಇಲ್ಲಿಗೆ ಮೊದಲೇ ಬಂದುಬಿಟ್ಟರೆ ಥಿಯೇಟರಿಗೆ ಯಾರು ಹೋಗುತ್ತಾರೆ? ಜೊತೆಗೆ ಒಂದೊಂದು ದೇಶಕ್ಕೆ ಒಂದೊಂದು ಬೆಲೆ. ಹಾಗಾಗಿ ಸ್ಟುಡಿಯೋಗಳು ಜಗತ್ತನ್ನು ಹೋಳು ಮಾಡಿ, ಒಂದೊಂದು ಹೋಳಿಗೆ ಒಂದೊಂದು ಅಂಕಿ ಕೊಟ್ಟವು. ಡಿಸ್ಕಿನ ಅಂಕಿ ಪ್ಲೇಯರಿನ ಅಂಕಿಗೆ ಕೂಡಿಬರದಿದ್ದರೆ ಓಡುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಬೇಕಾಗುವ ಅಂಕಿಗಳು ಇವು:

- ಭಾರತ: ಡಿವಿಡಿ 5, ಬ್ಲೂ-ರೇ ಸಿ
- ಅಮೆರಿಕ, ಕೆನಡಾ: ಡಿವಿಡಿ 1, ಬ್ಲೂ-ರೇ ಎ
- ಬ್ರಿಟನ್, ದುಬೈ ಮತ್ತು ಉಳಿದ ಗಲ್ಫ್: ಡಿವಿಡಿ 2, ಬ್ಲೂ-ರೇ ಬಿ
- ಸಿಂಗಾಪುರ, ಮಲೇಷ್ಯಾ: ಡಿವಿಡಿ 3, ಬ್ಲೂ-ರೇ ಎ
- ಆಸ್ಟ್ರೇಲಿಯಾ, ನ್ಯೂಜಿಲೆಂಡ್: ಡಿವಿಡಿ 4, ಬ್ಲೂ-ರೇ ಬಿ

ಚೀನಾದ ಡಿವಿಡಿಗೆ 6. ವಿಮಾನ, ಹಡಗುಗಳಲ್ಲಿ ತೋರಿಸುವ ಡಿಸ್ಕಿಗೆ 8. ಕವರಿನ ಮೇಲೆ 'ಆಲ್' ಅಂತಲೋ 0 ಅಂತಲೋ ಇದ್ದರೆ ಎಲ್ಲ ಕಡೆ ಓಡುತ್ತದೆ. ನಮ್ಮ ದೇಶದ ಎಷ್ಟೋ ಸಿನಿಮಾ ಡಿವಿಡಿಗಳು ಹೀಗೇ ಬಂದಿವೆ, ಹೊರದೇಶದ ನಮ್ಮವರೂ ಕೊಳ್ಳಲಿ ಅಂತ.

ಟಿವಿಗೆ ಹಾಕುವ ಪ್ಲೇಯರ್ ಆದರೆ ಸುಲಭದ ದಾರಿ ಒಂದೇ: ಎಲ್ಲ ರೀಜನ್ ಓಡಿಸುವ ಮಲ್ಟಿ-ರೀಜನ್ ಪ್ಲೇಯರ್ ಕೊಳ್ಳುವುದು. ಮಡಿಕೇರಿಗೋ ಕುಶಾಲನಗರಕ್ಕೋ ಹೋಗುವಾಗ ಓಡದ ಡಿಸ್ಕನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿ. "ಎಲ್ಲಾ ಓಡುತ್ತೆ ಸಾರ್" ಅನ್ನುವ ಮಾತು ನಂಬಬೇಡಿ, ಅಲ್ಲೇ ಹಾಕಿಸಿ ನೋಡಿ, ಆಮೇಲೆ ದುಡ್ಡು ಕೊಡಿ. ಬ್ಲೂ-ರೇ ಪ್ಲೇಯರ್ ಆದರೆ ಎರಡು ಪ್ರಶ್ನೆ ಕೇಳಿ. ಡಿವಿಡಿಗೆ ಮಲ್ಟಿ-ರೀಜನ್ ಆಗಿದ್ದ ಮಾತ್ರಕ್ಕೆ ಬ್ಲೂ-ರೇಗೂ ಆಗಿರಬೇಕು ಅಂತೇನಿಲ್ಲ.

ಮಲ್ಟಿ-ರೀಜನ್ ಪ್ಲೇಯರಿಗೂ ಬಗ್ಗದ ಡಿಸ್ಕ್ ಕೆಲವು ಇವೆ. 2000ದ ಹೊತ್ತಿನಿಂದ ಬಂದ ಕೆಲವು ಅಮೆರಿಕದ ಡಿವಿಡಿಗಳು 'ನೀನು ನಿಜವಾಗಿ ರೀಜನ್ 1 ತಾನೇ?' ಅಂತ ಪ್ಲೇಯರನ್ನೇ ವಿಚಾರಿಸುತ್ತವೆ. 'ನಾನು ಎಲ್ಲವೂ' ಅಂತ ಉತ್ತರ ಬಂದರೆ ಜಗತ್ತಿನ ನಕ್ಷೆ ತೋರಿಸಿ ನಿಂತುಬಿಡುತ್ತವೆ. ಸೆಟಪ್ಪಿನಲ್ಲಿ ಅಂಕಿ ಆರಿಸಲು ಬಿಡುವ ಪ್ಲೇಯರ್ ಆದರೆ 'ಆಲ್' ಬಿಟ್ಟು 1 ಅಂತಲೇ ಇಡಿ.

ಈಗ ಮೊದಲು ಹೇಳಿದ ಅಪಾಯ. ಲ್ಯಾಪ್‌ಟಾಪಿನಲ್ಲಿ ಪರದೇಶದ ಡಿವಿಡಿ ಹಾಕಿದಾಗ 'ರೀಜನ್ ಬದಲಾಯಿಸಲಾ?' ಅಂತ ಒಂದು ಪೆಟ್ಟಿಗೆ ಬರಬಹುದು. ಕಣ್ಣು ಮುಚ್ಚಿ 'ಓಕೆ' ಒತ್ತಬೇಡಿ. 2000ದಿಂದ ಈಚೆಗಿನ ಡ್ರೈವುಗಳಲ್ಲಿ ರೀಜನ್ ಬದಲಾಯಿಸಲು ಸಿಗುವುದು ಒಟ್ಟು 5 ಅವಕಾಶ. ಐದನೇದು ಮುಗಿದರೆ ಕೊನೆಗೆ ಇಟ್ಟ ರೀಜನ್ನೇ ಖಾಯಂ. ವಿಂಡೋಸ್ ಅಳಿಸಿ ಮತ್ತೆ ಹಾಕಿದರೂ ಆಗುವುದಿಲ್ಲ, ಲೆಕ್ಕ ಇರುವುದು ಡ್ರೈವಿನೊಳಗೆ. ನಾನು ಒಂದು ಡ್ರೈವಿನ ನಾಲ್ಕು ಅವಕಾಶವನ್ನು ಒಂದೇ ಸಂಜೆ ಕಳೆದುಕೊಂಡವನು. ಒಮ್ಮೆ ಅಮೆರಿಕದ ಡಿಸ್ಕ್, ಒಮ್ಮೆ ನಮ್ಮದು, ಮತ್ತೆ ಅಮೆರಿಕದ್ದು, ಮತ್ತೆ ನಮ್ಮದು.

ಎಷ್ಟು ಉಳಿದಿದೆ ಅಂತ ನೋಡುವುದು ಹೀಗೆ:

1. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ.
2. ಡಿವಿಡಿ ಡ್ರೈವಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ಒತ್ತಿ.
3. 'ಡಿವಿಡಿ ರೀಜನ್' ಅನ್ನುವ ಪುಟಕ್ಕೆ ಹೋಗಿ. ಈಗಿನ ರೀಜನ್ ಮತ್ತು 'ಚೇಂಜಸ್ ರಿಮೇನಿಂಗ್' ಕಾಣುತ್ತದೆ.
4. ನೋಡಿ, ಏನೂ ಒತ್ತದೆ 'ಕ್ಯಾನ್ಸಲ್' ಮಾಡಿ ಹೊರಬನ್ನಿ.

ಪರದೇಶದ ಡಿಸ್ಕ್ ಜಾಸ್ತಿ ಇದ್ದರೆ ಎರಡನೇ ಯುಎಸ್‌ಬಿ ಡ್ರೈವ್ ಒಂದು ಕೊಂಡು ಅದನ್ನು 1ಕ್ಕೆ ಇಟ್ಟುಬಿಡಿ, ಮೊದಲಿನದು 5ರಲ್ಲೇ ಇರಲಿ. ಡ್ರೈವಿನ ಬೆನ್ನಿಗೆ ಒಂದು ಟೇಪ್ ಅಂಟಿಸಿ ಅಂಕಿ ಬರೆದಿಡಿ. ಇದಕ್ಕಿಂತ ತಲೆನೋವಿಲ್ಲದ ಉಪಾಯ ನನಗೆ ಸಿಕ್ಕಿಲ್ಲ.

ಅಂದಹಾಗೆ, ವಿಂಡೋಸ್ 8ರಿಂದ ಈಚೆಗೆ ವಿಂಡೋಸಿನ ಮೀಡಿಯಾ ಪ್ಲೇಯರ್ ತಾನಾಗಿ ಡಿವಿಡಿ ಓಡಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಯಾವ ಡಿವಿಡಿಯೂ ಓಡುತ್ತಿಲ್ಲ ಅಂದರೆ ಬೀಗ ಹುಡುಕಬೇಡಿ, ವಿಎಲ್‌ಸಿಯಂಥ ಪ್ಲೇಯರ್ ತಂತ್ರಾಂಶ ಹಾಕಿಕೊಳ್ಳಿ.

ಹಂತ 5: ಪಾಲ್, ಎನ್‌ಟಿಎಸ್‌ಸಿ

ಇದು ಬೀಗವೇ ಅಲ್ಲ, ಹಳೇ ಟಿವಿ ಕಾಲದ ಲೆಕ್ಕ. ಪಾಲ್ ಅಂದರೆ ಸೆಕೆಂಡಿಗೆ 25 ಚಿತ್ರ, 576 ಗೆರೆ. ಭಾರತ, ಬ್ರಿಟನ್, ಆಸ್ಟ್ರೇಲಿಯಾದಲ್ಲಿ ಇದು. ಎನ್‌ಟಿಎಸ್‌ಸಿ ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 30 ಚಿತ್ರ, 480 ಗೆರೆ. ಅಮೆರಿಕ, ಕೆನಡಾ, ಜಪಾನಿನಲ್ಲಿ ಇದು. ಬಣ್ಣವನ್ನು ಕಳಿಸುವ ರೀತಿಯೂ ಬೇರೆ, ಅದಕ್ಕೇ ತಪ್ಪಾದರೆ ಚಿತ್ರ ಕಪ್ಪುಬಿಳುಪಾಗುತ್ತದೆ.

ವಿರಾಜಪೇಟೆಯವರ ಕೆನಡಾ ಪ್ರಶ್ನೆಗೆ ಉತ್ತರ ಇಲ್ಲಿದೆ. ಮದುವೆ ಡಿವಿಡಿಯಲ್ಲಿ ರೀಜನ್ ಇಲ್ಲ. ಆದರೆ ನಮ್ಮ ಸ್ಟುಡಿಯೋದವರು ಅದನ್ನು ಪಾಲ್‌ನಲ್ಲಿ ಬರೆದಿದ್ದಾರೆ. ನಮ್ಮಲ್ಲಿ ಸಿಗುವ ಪ್ಲೇಯರುಗಳು ಸಾಮಾನ್ಯವಾಗಿ ಎರಡನ್ನೂ ಓಡಿಸುತ್ತವೆ, ಅಮೆರಿಕ ಕೆನಡಾದ ಬಹಳಷ್ಟು ಪ್ಲೇಯರುಗಳಿಗೆ ಪಾಲ್ ಗೊತ್ತಿಲ್ಲ. ಹಾಗಾಗಿ ಅಲ್ಲಿಂದ ಬಂದದ್ದು ಇಲ್ಲಿ ಓಡಬಹುದು, ಇಲ್ಲಿಂದ ಹೋದದ್ದು ಅಲ್ಲಿ ಓಡುವುದಿಲ್ಲ. ತಮ್ಮನಿಗೆ ಹೇಳಿ, ಕಂಪ್ಯೂಟರಿನಲ್ಲಿ ಹಾಕಿ ನೋಡಲಿ. ಕಂಪ್ಯೂಟರಿಗೆ ಈ ಭೇದ ಇಲ್ಲ. ಇನ್ನೂ ಒಳ್ಳೇದು, ಡಿಸ್ಕ್ ಕಳಿಸುವುದನ್ನೇ ಬಿಟ್ಟು ಫೈಲ್ ಕಳಿಸಿ.

ನಿಮ್ಮ ಮನೆಯಲ್ಲೇ ಚಿತ್ರ ಕೆಟ್ಟರೆ ಪ್ಲೇಯರಿನ ಸೆಟಪ್ಪಿಗೆ ಹೋಗಿ 'ಟಿವಿ ಟೈಪ್' ಅನ್ನು 'ಆಟೋ' ಅಥವಾ 'ಮಲ್ಟಿ' ಮಾಡಿ. ತೆರೆಯೇ ಕಾಣದೆ ಸೆಟಪ್ಪಿಗೂ ಹೋಗಲಾಗದಿದ್ದರೆ ರಿಮೋಟಿನಲ್ಲಿ 'ಪಿ/ಎನ್' ಅಂತ ಒಂದು ಪುಟ್ಟ ಬಟನ್ ಇದೆಯಾ ನೋಡಿ. ಒತ್ತಿದ ಹಾಗೆ ಪಾಲ್, ಎನ್‌ಟಿಎಸ್‌ಸಿ, ಆಟೋ ಅಂತ ತಿರುಗುತ್ತದೆ. ಅಸಲಿ ರಿಮೋಟ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಸೆಟಪ್ ಸರಿಯಿದ್ದೂ ಕಪ್ಪುಬಿಳುಪೇ ಬಂದರೆ ವೈರ್ ನೋಡಿ. ಹಳದಿ ವೈರನ್ನು ಟಿವಿಯ ಹಸಿರು ತೂತಿಗೆ ಹಾಕಿದಾಗ, ಟಿವಿ 'ಕಾಂಪೊನೆಂಟ್' ಅಂತ ಇದ್ದರೆ ಬಣ್ಣ ಹೋಗುತ್ತದೆ. 'ಎವಿ' ಆರಿಸಿ.

ಪರದೇಶದಿಂದ ಪ್ಲೇಯರನ್ನೇ ತರಿಸುವವರಿಗೆ ಒಂದು ಮಾತು. ಪ್ಲಗ್ಗಿಗೆ ಸಿಕ್ಕಿಸುವ ಮೊದಲು ಬೆನ್ನಿನ ಚೀಟಿ ಓದಿ. '100-240 ವೋಲ್ಟ್' ಅಂತ ಇದ್ದರೆ ಸರಿ. ಬರೀ '120 ವೋಲ್ಟ್' ಅಂತ ಇದ್ದರೆ ನಮ್ಮ 230 ವೋಲ್ಟ್ ಅದನ್ನು ಸುಟ್ಟುಹಾಕುತ್ತದೆ.

ಹಂತ 6: ಬ್ಲೂ-ರೇ

ಡಿವಿಡಿಯ ಬೀಗಕ್ಕೆ ಸಿಎಸ್‌ಎಸ್ ಅಂತ ಹೆಸರು. 40 ಬಿಟ್‌ನ ಪುಟ್ಟ ಕೀಲಿ, 1999ರಲ್ಲೇ ಮುರಿದುಬಿತ್ತು. ಅದಕ್ಕಾಗಿ ನಾರ್ವೆಯ ಒಬ್ಬ ಹುಡುಗನ ಮೇಲೆ ಕೇಸು ನಡೆದು 2003ರಲ್ಲಿ ಅವನು ಗೆದ್ದ. ಅದರಿಂದ ಪಾಠ ಕಲಿತ ಕಂಪನಿಗಳು ಬ್ಲೂ-ರೇಗೆ ಎಎಸಿಎಸ್ ಅನ್ನುವ ಗಟ್ಟಿ ಬೀಗ ಹಾಕಿದವು. ಅದರ ವಿಶೇಷ ಏನೆಂದರೆ ಕೀಲಿಗಳನ್ನು ಆಗಾಗ ಬದಲಾಯಿಸಬಹುದು. ನಿಮಗೆ ಇದರಿಂದ ಆಗುವ ತೊಂದರೆ: ಹಳೇ ಬ್ಲೂ-ರೇ ಓಡುತ್ತದೆ, ಹೊಸದಾಗಿ ಕೊಂಡದ್ದು ಓಡುವುದಿಲ್ಲ. ಪ್ಲೇಯರಿನ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹಳತಾಗಿದೆ. ತಯಾರಕರ ತಾಣದಿಂದ ನಿಮ್ಮದೇ ಮಾಡೆಲ್ ನಂಬರಿನ ಫೈಲನ್ನು ಪೆನ್‌ಡ್ರೈವಿಗೆ ಇಳಿಸಿ, ಪ್ಲೇಯರಿಗೆ ಸಿಕ್ಕಿಸಿ ಅಪ್‌ಡೇಟ್ ಮಾಡಿ.

ಆದರೆ ಜುಲೈ ತಿಂಗಳ ಗಾಳಿಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅಪ್‌ಡೇಟ್ ಅರ್ಧಕ್ಕೆ ಬಂದಾಗ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು ಅಂದರೆ ಪ್ಲೇಯರ್ ಇಟ್ಟಿಗೆಗೆ ಸಮ. ಯುಪಿಎಸ್ ಅಥವಾ ಇನ್ವರ್ಟರ್ ಮೇಲೆ ಹಾಕಿ ಮಾಡಿ.

ಎರಡನೇದು ಎಚ್‌ಡಿಸಿಪಿ. ಎಚ್‌ಡಿಎಂಐ ವೈರಿನ ಎರಡೂ ತುದಿಯಲ್ಲಿರುವ ಯಂತ್ರಗಳು ಒಂದನ್ನೊಂದು ಪರಿಚಯ ಕೇಳಿಕೊಂಡು, ಒಪ್ಪಿಗೆಯಾದ ಮೇಲೇ ಚಿತ್ರ ಬಿಡುವ ವ್ಯವಸ್ಥೆ ಇದು. ನಡುವೆ ಹಳೇ ಪ್ರೊಜೆಕ್ಟರ್ ಇದ್ದರೆ ಒಪ್ಪಿಗೆ ಸಿಗದೆ ತೆರೆ ಕಪ್ಪಾಗುತ್ತದೆ. ಹೋಂಸ್ಟೇ ನಡೆಸುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಒಂದು ಪ್ಲೇಯರಿನಿಂದ ಎರಡು ಟಿವಿಗೆ ಹೋಗುವ ಸ್ಪ್ಲಿಟರ್ ಹಾಕಿರುತ್ತಾರೆ, ಚಿತ್ರ ಬರುವುದಿಲ್ಲ. ಸ್ಪ್ಲಿಟರ್ ತೆಗೆದು ಪ್ಲೇಯರನ್ನು ನೇರ ಟಿವಿಗೆ ಸಿಕ್ಕಿಸಿ ನೋಡಿ. ಬಂದರೆ ಎಚ್‌ಡಿಸಿಪಿ ಒಪ್ಪುವ ಸ್ಪ್ಲಿಟರ್ ಬೇಕು. 4ಕೆ ಡಿಸ್ಕನ್ನು ಪೂರ್ತಿ 4ಕೆ ಸ್ಪಷ್ಟತೆಯಲ್ಲಿ ನೋಡಲು ಎಚ್‌ಡಿಸಿಪಿ 2.2 ಇರಲೇಬೇಕು. 4ಕೆ ಡಿಸ್ಕಿಗೆ ರೀಜನ್ ಮಾತ್ರ ಇಲ್ಲ, ಪುಣ್ಯ. ಅಂದಮಾತ್ರಕ್ಕೆ ಕಂಪ್ಯೂಟರಿನಲ್ಲಿ ನೋಡೋಣ ಅಂದುಕೊಂಡು ಹೊಸ ಕಂಪ್ಯೂಟರ್ ಕೊಳ್ಳಬೇಡಿ. ಅದಕ್ಕೆ ಬೇಕಾದ ರಕ್ಷಣಾ ವ್ಯವಸ್ಥೆಯನ್ನು ಇಂಟೆಲ್ ತನ್ನ 11ನೇ ತಲೆಮಾರಿನ ಕೋರ್ ಚಿಪ್ಪುಗಳಿಂದಲೇ ಕೈಬಿಟ್ಟಿದೆ.

ಹಳೇ ಡಬ್ಬ ಟಿವಿಗೆ ಹೊಸ ಬ್ಲೂ-ರೇ ಪ್ಲೇಯರ್ ಕೊಳ್ಳಲೂ ಹೋಗಬೇಡಿ. 2013ರ ನಂತರದ ಪ್ಲೇಯರುಗಳಲ್ಲಿ ಹಳದಿ-ಕೆಂಪು-ಬಿಳಿ ವೈರಿಗೆ ಚಿತ್ರ ಬಿಡುವುದನ್ನು ನಿಯಮದ ಪ್ರಕಾರವೇ ನಿಲ್ಲಿಸಿದ್ದಾರೆ.

ಹಂತ 7: 'ಒತ್ತಬಾರದು' ಚಿಹ್ನೆ, ಪಾಸ್‌ವರ್ಡ್, ಏರಿಳಿಯುವ ಬೆಳಕು

ಸಿನಿಮಾ ಶುರುವಿನ ಎಚ್ಚರಿಕೆ ಬರಹವನ್ನು ದಾಟಿಸಲು ಹೋದರೆ ತೆರೆಯಲ್ಲಿ ಕೈ ಚಿಹ್ನೆ ಬರುತ್ತದೆ. ರಿಮೋಟ್ ಕೆಟ್ಟಿಲ್ಲ. 'ಈ ಭಾಗದಲ್ಲಿ ಮುಂದೆ ಓಡಿಸಬಾರದು' ಅಂತ ಡಿಸ್ಕಿನಲ್ಲೇ ಬರೆದಿದ್ದಾರೆ. ಕಾದು ನೋಡಿ, ಒಂದು ಕಾಫಿ ಮಾಡಿಕೊಂಡು ಬನ್ನಿ.

ಪಾಸ್‌ವರ್ಡ್ ಕೇಳಿದರೆ ಅದು ಮಕ್ಕಳಿಗಾಗಿ ಇಡುವ ಪೇರೆಂಟಲ್ ಲಾಕ್. ಡಿಸ್ಕಿಗೆ 1ರಿಂದ 8ರವರೆಗೆ ಒಂದು ಮಟ್ಟ ಇರುತ್ತದೆ, ಪ್ಲೇಯರಿನಲ್ಲಿ ಅದಕ್ಕಿಂತ ಕಡಿಮೆ ಇಟ್ಟಿದ್ದರೆ ಓಡುವುದಿಲ್ಲ. ಪ್ಲೇಯರಿನ ಜೊತೆ ಬಂದ ಪುಸ್ತಕದಲ್ಲಿ ಮೊದಲ ಪಾಸ್‌ವರ್ಡ್ ಇರುತ್ತದೆ.

ತೋಟದ ಮನೆಗಳಲ್ಲಿ ಈಗಲೂ ಕಾಣುವ ಒಂದು ವಿಚಿತ್ರ ಹೇಳಲೇಬೇಕು. ಹಳೇ ಟಿವಿಗೆ ಆಂಟೆನಾ ತೂತು ಒಂದೇ. ಹಾಗಾಗಿ ಡಿವಿಡಿ ಪ್ಲೇಯರನ್ನು ವಿಸಿಆರ್‌ಗೆ, ವಿಸಿಆರ್ ಅನ್ನು ಟಿವಿಗೆ ಕೊಟ್ಟಿರುತ್ತಾರೆ. ಸಿನಿಮಾ ಹಾಕಿದರೆ ಚಿತ್ರ ಕತ್ತಲಾಗುತ್ತದೆ, ಬೆಳಕಾಗುತ್ತದೆ, ಮತ್ತೆ ಕತ್ತಲು. ಟಿವಿ ರಿಪೇರಿಯವನಿಗೆ ದುಡ್ಡು ಕೊಟ್ಟವರೂ ಇದ್ದಾರೆ. ಇದು ಮ್ಯಾಕ್ರೋವಿಷನ್ ಅನ್ನುವ ಬೀಗ. ಡಿವಿಡಿಯಿಂದ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡದಿರಲಿ ಅಂತ ವಿಸಿಆರ್‌ನ ಬೆಳಕು ಹೊಂದಿಸುವ ಭಾಗವನ್ನು ಅದು ದಾರಿ ತಪ್ಪಿಸುತ್ತದೆ. ನೀವು ರೆಕಾರ್ಡ್ ಮಾಡದೆ ಸುಮ್ನೆ ನೋಡುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ವಿಸಿಆರ್ ತೆಗೆದು, ಎವಿಯಿಂದ ಆಂಟೆನಾಗೆ ಬದಲಾಯಿಸುವ ಆರ್‌ಎಫ್ ಮಾಡ್ಯುಲೇಟರ್ ಡಬ್ಬಿ ಹಾಕಿ. ಸರಿಹೋಗುತ್ತದೆ.

ಹಂತ 8: ಕಾಪಿ ಮಾಡಬಹುದಾ?

ಮೊದಲು ಡಿಸ್ಕ್ ಯಾರದು ಅಂತ ನೋಡಿ.

ಕೊಂಡ ಸಿನಿಮಾ: ನಾಪೋಕ್ಲಿನವರ ಹಸಿರು ಚೌಕಕ್ಕೆ ಕಾರಣ ಹೇಳಿಬಿಡುತ್ತೇನೆ. ಸಿನಿಮಾವನ್ನು ಕಲಸಿ ಬರೆದಿರುತ್ತಾರೆ. ಬಿಡಿಸುವ ಕೀಲಿ ಡಿಸ್ಕಿನ ಒಳಸುತ್ತಿನಲ್ಲಿ, ಫೈಲುಗಳಿಗೆ ಹೊರಗೆ, ಬೇರೆಯೇ ಜಾಗದಲ್ಲಿ ಇರುತ್ತದೆ. ಕಾಪಿ-ಪೇಸ್ಟ್ ಮಾಡಿದಾಗ ಫೈಲ್ ಬರುತ್ತದೆ, ಕೀಲಿ ಬರುವುದಿಲ್ಲ. ಖಾಲಿ ಡಿವಿಡಿಯಲ್ಲಿ ಆ ಜಾಗಕ್ಕೆ ಬರೆಯಲೂ ಆಗುವುದಿಲ್ಲ. ಬೀಗ ಮುರಿಯುವ ದಾರಿ ನಾನಿಲ್ಲಿ ಹೇಳಿಕೊಡುವುದಿಲ್ಲ. 2012ರ ತಿದ್ದುಪಡಿಯಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಾಪಿ ಮಾಡಿ ಮಾರಲು ಇಳಿದರೆ 63ನೇ ಕಲಂ, 6 ತಿಂಗಳಿಂದ 3 ವರ್ಷ. ಸಂತೆಯಲ್ಲಿ ಸಿಗುವ ಅಗ್ಗದ ಕಾಪಿಗಳೂ ಬೇಡ. ಬ್ಲೂ-ರೇ ಪ್ಲೇಯರಿನಲ್ಲಿ ಅಂಥದ್ದನ್ನು ಹಾಕಿದಾಗ ಸ್ವಲ್ಪ ಹೊತ್ತಾದ ಮೇಲೆ ಧ್ವನಿ ನಿಂತುಹೋದರೆ ಸ್ಪೀಕರ್ ದೂರಬೇಡಿ. ಸಿನಾವಿಯಾ ಅಂತ, ಕಿವಿಗೆ ಕೇಳದ ಗುರುತನ್ನು ಧ್ವನಿಯಲ್ಲೇ ಅಡಗಿಸಿಟ್ಟಿರುತ್ತಾರೆ. ಪ್ಲೇಯರ್ ಅದನ್ನು ಹಿಡಿಯುತ್ತದೆ.

ನಿಮ್ಮ ಮನೆಯ ವಿಡಿಯೋ: ಧಾರಾಳವಾಗಿ ಮಾಡಿ. ಸ್ಟುಡಿಯೋದವರು "ಕಾಪಿರೈಟ್ ನಮ್ಮದು, ಕಾಪಿಗೆ ನಮ್ಮ ಹತ್ತಿರವೇ ಬನ್ನಿ" ಅಂದರೆ ನಕ್ಕು ಸುಮ್ಮನಿರಿ. ದುಡ್ಡು ಕೊಟ್ಟು ನೀವು ಮಾಡಿಸಿದ ಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ನೀವೇ. ಅದೇ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಆದರೆ ಅದಕ್ಕೆ ಅಂಟಿಸಿದ ಸಿನಿಮಾ ಹಾಡು ನಿಮ್ಮದಾಗುವುದಿಲ್ಲ. ಯೂಟ್ಯೂಬಿಗೆ ಹಾಕಿದಾಗ ಧ್ವನಿ ತೆಗೆದುಹಾಕಿದರೆ ಆಶ್ಚರ್ಯ ಪಡಬೇಡಿ.

ಕಾಪಿ ಮಾಡುವ ಕ್ರಮ:

1. ಹಂತ 2ರ ಹಾಗೆ ತೊಳೆದ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಾಕಿ. ಪ್ಲೇ ಮಾಡಬೇಡಿ, 'ಓಪನ್' ಮಾಡಿ.
2. 'ವಿಡಿಯೋ ಟಿಎಸ್' ಅನ್ನುವ ಫೋಲ್ಡರ್ ಕಾಣುತ್ತದೆ. ಇಡೀ ಫೋಲ್ಡರನ್ನು ಎತ್ತಿ ಹಾಕಿ. ದೊಡ್ಡ ಫೈಲ್ ಮಾತ್ರ ತೆಗೆದುಕೊಂಡರೆ ಮೆನು ಇರುವುದಿಲ್ಲ, ಭಾಗಗಳ ಕ್ರಮ ತಪ್ಪುತ್ತದೆ. ವಿಸಿಡಿ ಆದರೆ 'ಎಂಪಿಇಜಿ ಎವಿ' ಫೋಲ್ಡರಿನ ಡಿಎಟಿ ಫೈಲ್.
3. ಅರ್ಧಕ್ಕೆ ನಿಂತರೆ ಗಾಬರಿ ಬೇಡ. ಇನ್ನೊಬ್ಬರ ಡ್ರೈವಿನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಸಲೀಸಾಗಿ ಓದುವುದು ಮಾಮೂಲು.
4. ಕಾಪಿಯನ್ನು ಕೊನೆಯ ಹತ್ತು ನಿಮಿಷ ಓಡಿಸಿ ನೋಡಿ. ಕೆಡುವುದು ಅಂಚು ತಾನೇ?
5. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಐನ್‌ಮನೆಯ (ಮನೆತನದ ಹಿರಿಮನೆಯ) ಒಂದೇ ಬೀರುವಿನಲ್ಲಿ ಎರಡೂ ಪ್ರತಿ ಇಟ್ಟರೆ ಬೂಷ್ಟು ಎರಡಕ್ಕೂ ಹಿಡಿಯುತ್ತದೆ.

ಡಿಸ್ಕ್ 'ಬ್ಲಾಂಕ್' ಅಂದರೆ ಅದನ್ನು ಫೈನಲೈಸ್ ಮಾಡಿಲ್ಲ, ಅಂದರೆ ಬರೆದು ಮುಗಿಸಿ ಮುದ್ರೆ ಒತ್ತಿಲ್ಲ. ಬರೆದ ಯಂತ್ರದಲ್ಲೇ ಅದನ್ನು ಮಾಡಿಸುವುದು ಸುಲಭ. ಹ್ಯಾಂಡಿಕ್ಯಾಮಿನ 8 ಸೆಂಟಿಮೀಟರಿನ ಪುಟ್ಟ ಡಿಸ್ಕುಗಳಲ್ಲಿ ಇದು ಬಹಳ. ಹಳೇ ಕ್ಯಾಮೆರಾ ಹುಡುಕಿ, ಚಾರ್ಜ್ ಮಾಡಿ, ಮೆನುವಿನಲ್ಲಿ 'ಫೈನಲೈಸ್' ಒತ್ತಿ. ಆ ಪುಟ್ಟ ಡಿಸ್ಕನ್ನು ಟ್ರೇ ಇಲ್ಲದೆ ಬಾಯಿಯಿಂದ ನುಂಗುವ ಡ್ರೈವಿಗೆ ಮಾತ್ರ ಹಾಕಬೇಡಿ. ಒಳಗೆ ಸಿಕ್ಕಿಕೊಂಡರೆ ಡ್ರೈವ್ ಬಿಚ್ಚಬೇಕು.

ಹಂತ 9: ಮುಂದಿನ ಮಳೆಗಾಲಕ್ಕೆ

ಪ್ಲಾಸ್ಟಿಕ್ ಕವರಿನಿಂದ ತೆಗೆದು ಗಟ್ಟಿ ಡಬ್ಬಿಯಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಗಾಳಿಯಾಡದ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಳೆ ಶುರುವಾಗುವ ಮೊದಲೇ ಒಣ ಹವೆಯಲ್ಲಿ ಡಿಸ್ಕ್ ತುಂಬಿ ಮುಚ್ಚಳ ಹಾಕಬೇಕು, ಜೂನಿನಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ. ಅಗ್ಗಿಷ್ಟಿಕೆ ಹತ್ತಿರ, ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ. ಹೆಸರು ಬರೆಯಲು ಬಾಲ್‌ಪೆನ್ ಬೇಡ, ಅಂಟಿನ ಚೀಟಿಯೂ ಬೇಡ. ನೀರಿನಂಶದ ಮಾರ್ಕರಿನಲ್ಲಿ ನಡುವಿನ ತೂತಿನ ಸುತ್ತ ಪಾರದರ್ಶಕವಾಗಿರುವ ಜಾಗದಲ್ಲಿ ಬರೆಯಿರಿ, ಅಲ್ಲಿ ಮಾಹಿತಿ ಇರುವುದಿಲ್ಲ: ಯಾರ ಮದುವೆ, ಯಾವ ವರ್ಷ, ಎಷ್ಟನೇ ಭಾಗ.